ಸೂರಿನ ಲೆಕ್ಕ: ಶಿರಸಿಯಿಂದ ಅಳೆದ ನಾಲ್ಕು ಸೌಧಗಳು

ಹನ್ನೊಂದು ಲಕ್ಷ ಎಂಬತ್ತೆಂಟು ಸಾವಿರದ ಎಂಬತ್ತೆರಡು ರೂಪಾಯಿ. ಮುಂಬಯಿ ಮಹಾಪಾಲಿಕೆಯ ಕಟ್ಟಡ 1893ರ ಜುಲೈ 31ಕ್ಕೆ ಮುಗಿದಾಗ ಲೆಕ್ಕದ ಪುಸ್ತಕಕ್ಕೆ ಬಿದ್ದ ಮೊತ್ತ ಇದು. ಆಗಿನ ರೂಪಾಯಿ ಬೆಳ್ಳಿಯದು. ತೂಕ ಒಂದು ತೊಲ, ಅಂದರೆ 11.66 ಗ್ರಾಂ. ಅಷ್ಟೂ ಹಣವನ್ನು ನಾಣ್ಯದಲ್ಲೇ ಎಣಿಸಿ ಚೀಲ ಕಟ್ಟಿದರೆ 13,853 ಕಿಲೋ ಆಗುತ್ತದೆ. ಒಂದು ಎತ್ತಿನ ಗಾಡಿಗೆ ಎಂಟು ಕ್ವಿಂಟಲ್ ಹೇರಿದರೆ 17 ಗಾಡಿ ತುಂಬಿ, 18ನೆಯದಕ್ಕೂ ಮೂರು ಮೂಟೆ ಉಳಿಯುತ್ತದೆ. ದೇವಿಮನೆ ಘಟ್ಟದಲ್ಲಿ ಕುಮಟೆಯ ಬಂದರಿಗೆ ಹತ್ತಿ ಇಳಿಸುತ್ತಿದ್ದ ಗಾಡಿಗಳ ಸಾಲನ್ನು ಮನಸ್ಸಿಗೆ ತಂದುಕೊಂಡರೆ ಈ ಮೊತ್ತದ ಭಾರ ನಮ್ಮ ಕಡೆಯವರಿಗೆ ಅಂದಾಜಿಗೆ ಸಿಗುತ್ತದೆ.

ಶಿರಸಿಯವರಿಗೆ ಮುಂಬಯಿಯ ಕಟ್ಟಡದ ಲೆಕ್ಕ ಯಾಕೆ ಎಂದು ಕೇಳುವವರಿದ್ದಾರೆ. ಆ ಕಟ್ಟಡ ಎದ್ದಾಗ ನಮ್ಮ ರಾಜಧಾನಿ ಮುಂಬಯಿಯೇ ಆಗಿತ್ತು. 1862ರಲ್ಲಿ ಉತ್ತರ ಕನ್ನಡವನ್ನು ಮದರಾಸು ಪ್ರಾಂತದಿಂದ ಬಿಡಿಸಿ ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಧಾರವಾಡದ ಬಯಲಿನ ಹತ್ತಿಯನ್ನು ಘಟ್ಟ ಇಳಿಸಿ ಕಾರವಾರ, ಕುಮಟೆಗಳ ಮೂಲಕ ಸಾಗಿಸುವ ಅವಸರವೇ ಆ ಬದಲಾವಣೆಗೆ ಮುಖ್ಯ ಕಾರಣ. ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು, ಹತ್ತಿಗೆ ಬಂಗಾರದ ಬೆಲೆ ಬಂದಿತ್ತು. 1862ರಿಂದ 1956ರವರೆಗೆ 94 ವರ್ಷ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಕಾಗದಪತ್ರವೆಲ್ಲ ಕೊನೆಗೆ ತಲುಪುತ್ತಿದ್ದದ್ದು ಆ ಊರಿಗೆ. ಮುಂಬಯಿಯ ಪೌರಾಡಳಿತಕ್ಕೆ ಹೊಸ ಕಾಯ್ದೆ ಬಂದದ್ದು 1865ರಲ್ಲಿ, ಶಿರಸಿಗೆ ಮುನಿಸಿಪಾಲಿಟಿ ಬಂದದ್ದು 1866ರಲ್ಲಿ. ಒಂದೇ ಆಡಳಿತದ ದೊಡ್ಡ ಮನೆಯನ್ನೂ ಸಣ್ಣ ಮನೆಯನ್ನೂ ಒಟ್ಟಿಗಿಟ್ಟು ನೋಡುವುದರಲ್ಲಿ ತಪ್ಪೇನೂ ಇಲ್ಲ.

ಮುಂಬಯಿಯ ಆ ಕಟ್ಟಡಕ್ಕೆ ವೈಸರಾಯ್ ಲಾರ್ಡ್ ರಿಪನ್ ಅಡಿಗಲ್ಲು ಹಾಕಿದ್ದು 1884ರ ಡಿಸೆಂಬರ್ 9ರಂದು. ಕೆಲಸ ಶುರುವಾದದ್ದು 1889ರ ಏಪ್ರಿಲ್ 25ಕ್ಕೆ. ಅಡಿಗಲ್ಲಿಗೂ ಮೊದಲ ಗುದ್ದಲಿಗೂ ನಡುವೆ ನಾಲ್ಕು ವರ್ಷದ ಮೇಲೆ ಕಳೆದುಹೋಯಿತು. ಹಿಂದೂ-ಮುಸ್ಲಿಂ ಶೈಲಿಗಳನ್ನು ಬೆರೆಸಿ ಚಿಜಂ ಎಂಬ ವಾಸ್ತುಶಿಲ್ಪಿ ಮಾಡಿದ ನಕಾಶೆ ಬಿದ್ದುಹೋಗಿ, ಎದುರಿಗಿದ್ದ ವಿಕ್ಟೋರಿಯಾ ಟರ್ಮಿನಸ್ ಕಟ್ಟಿದ ಫ್ರೆಡರಿಕ್ ವಿಲಿಯಂ ಸ್ಟೀವನ್ಸ್ ಅವರ ಗಾಥಿಕ್ ನಕಾಶೆ ಗೆದ್ದಿತು. ಒಮ್ಮೆ ಕೈಹಚ್ಚಿದ ಮೇಲೆ 51 ತಿಂಗಳಲ್ಲಿ ಕೆಲಸ ಮುಗಿಯಿತು. ತಿಂಗಳಿಗೆ ಸರಾಸರಿ 23,300 ರೂಪಾಯಿ ಖರ್ಚು. ಇದರಲ್ಲಿ ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವ ಸಂಗತಿ ಬೇರೆ. ಒಟ್ಟು ಖರ್ಚು ಮಂಜೂರಾದ ಮೊತ್ತಕ್ಕಿಂತ ತುಸು ಕಡಿಮೆಯಲ್ಲೇ ನಿಂತಿತು. 255 ಅಡಿ ಎತ್ತರದ ಗೋಪುರ, ಅಂದರೆ 60 ಅಡಿಯ ಅಡಕೆ ಮರವನ್ನು ಒಂದರ ತಲೆಯ ಮೇಲೆ ಒಂದರಂತೆ ನಾಲ್ಕು ನಿಲ್ಲಿಸಿದರೂ ಮುಟ್ಟದ ಎತ್ತರ. ಅದನ್ನು ಹತ್ತಿಸಿಯೂ ಲೆಕ್ಕ ಮೀರಲಿಲ್ಲ. ಅಂದಾಜು ಪಟ್ಟಿ ಮಾಡಿದವರು ಕಲ್ಲಿನ ಬೆಲೆ, ಕೂಲಿ, ಮಳೆಗಾಲದಲ್ಲಿ ಕೆಲಸ ನಿಲ್ಲುವ ದಿನಗಳು ಎಲ್ಲವನ್ನೂ ಬಲ್ಲವರಾಗಿದ್ದಿರಬೇಕು.

ಒಳಗಿನ ಸಭಾಂಗಣದ ಅಳತೆ ಇನ್ನೂ ಪಾಠ ಹೇಳುವಂಥದ್ದು. ಉದ್ದ 65 ಅಡಿ, ಅಗಲ 32, ಎತ್ತರ 38. ನೆಲದ ಲೆಕ್ಕದಲ್ಲಿ 2,080 ಚದರಡಿ. ಅಷ್ಟು ದೊಡ್ಡ ನಗರದ ಸಭೆ ಕೂರಲು ಇಷ್ಟೇ ಜಾಗ. ನಮ್ಮ ಮೂರು ತಾಲೂಕುಗಳಲ್ಲಿ ಇದಕ್ಕಿಂತ ದೊಡ್ಡ ಕಲ್ಯಾಣ ಮಂಟಪಗಳು ಬೇಕಾದಷ್ಟಿವೆ. ವ್ಯತ್ಯಾಸ ಇರುವುದು ಎತ್ತರದಲ್ಲಿ ಮತ್ತು ಮೇಲಿನ ಸೂರಿನಲ್ಲಿ. ಈ 2,080 ಚದರಡಿಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮುಂದೆ ಅದನ್ನು ಶಿರಸಿಗೆ ತರುತ್ತೇನೆ.

ಈಗ ಬೆಂಗಳೂರು. ಪುಟ್ಟಣ್ಣಚೆಟ್ಟಿ ಪುರಭವನಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು 1933ರ ಮಾರ್ಚ್ 6ರಂದು ಶಂಕುಸ್ಥಾಪನೆ ಮಾಡಿದರು. 1935ರ ಸೆಪ್ಟೆಂಬರ್ 11ರಂದು ಯುವರಾಜ ಕಂಠೀರವ ನರಸಿಂಹರಾಜ ಒಡೆಯರಿಂದ ಉದ್ಘಾಟನೆಯಾಯಿತು. ಹೆಸರು ಬಂದದ್ದು ನಗರದ ಪೌರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ. ಪಿ. ಪುಟ್ಟಣ್ಣಚೆಟ್ಟಿಯವರಿಂದ. 30 ತಿಂಗಳ ಕೆಲಸ, 1.75 ಲಕ್ಷ ರೂಪಾಯಿ ಖರ್ಚು. ಗ್ರೀಕ್-ರೋಮನ್ ಮಾದರಿಯ ಮುಖ, ಅಗಲವಾದ ಮೆಟ್ಟಿಲುಗಳು, ದುಂಡನೆಯ ದಪ್ಪ ಕಂಬಗಳು, ಅವುಗಳ ಮೇಲೆ ತ್ರಿಕೋನದ ನೆತ್ತಿ. ಒಳಗೆ 1,038 ಆಸನ. ಭಾಗಿಸಿದರೆ ಒಂದು ಆಸನಕ್ಕೆ 168 ರೂಪಾಯಿ ಚಿಲ್ಲರೆ.

ಅದೇ ಪುರಭವನವನ್ನು 1990ರಲ್ಲಿ ನವೀಕರಿಸಿದರು. 150 ದಿನ ಹಿಡಿಯಿತು, 65 ಲಕ್ಷ ಖರ್ಚಾಯಿತು. ದಿನಕ್ಕೆ 43,000ಕ್ಕಿಂತ ಹೆಚ್ಚು. ಇಡೀ ಕಟ್ಟಡ ಕಟ್ಟಿದ ಹಣ ನಾಲ್ಕೇ ದಿನದ ದುರಸ್ತಿಗೆ ಸರಿಹೋಯಿತು. ಮೂಲ ಖರ್ಚಿನ 37 ಪಟ್ಟು. ಈ ಅಂಕಿಯನ್ನು ಹೀಗೇ ಬಿಟ್ಟರೆ ಓದಿದವರು ಬೆಚ್ಚಿಬೀಳುತ್ತಾರೆ, ಯಾರೋ ಹಣ ನುಂಗಿರಬೇಕು ಎಂಬ ತೀರ್ಮಾನಕ್ಕೂ ಬರುತ್ತಾರೆ. ಹಾಗೆ ಬಿಡುವುದು ಸರಿಯಲ್ಲ. 1935ರ ರೂಪಾಯಿಯೂ 1990ರ ರೂಪಾಯಿಯೂ ಒಂದೇ ಅಲ್ಲ. ನಮ್ಮ ಮನೆಗಳಲ್ಲಿ ಹಿರಿಯರು ಹಳೆಯ ಖರ್ಚನ್ನು ಬಂಗಾರದಲ್ಲಿ ಹೇಳುತ್ತಾರೆ: ಆಗ ಎಷ್ಟು ಬಂಗಾರಕ್ಕೆ ಈ ತೋಟ ಬಂತು, ಎಷ್ಟು ಬಂಗಾರಕ್ಕೆ ಈ ಮಾಡು ಹಾಕಿಸಿದೆವು ಎಂದು. ಆ ತಕ್ಕಡಿಯಲ್ಲೇ ತೂಗೋಣ. 1935ರ ಸುಮಾರಿಗೆ 10 ಗ್ರಾಂ ಬಂಗಾರಕ್ಕೆ ಸುಮಾರು 31 ರೂಪಾಯಿ, 1990ರಲ್ಲಿ ಸುಮಾರು 3,200. ಆ ಲೆಕ್ಕಕ್ಕೆ ಪುರಭವನ ಕಟ್ಟಿದ್ದು 56 ಕಿಲೋ ಬಂಗಾರದಲ್ಲಿ, ದುರಸ್ತಿ ಮಾಡಿದ್ದು 20 ಕಿಲೋದಲ್ಲಿ. ಆಸನಕ್ಕೆ ಹಂಚಿದರೆ ಕಟ್ಟಲು 54 ಗ್ರಾಂ, ದುರಸ್ತಿಗೆ ಸುಮಾರು 20 ಗ್ರಾಂ.

ಹೀಗೆ ನೋಡಿದಾಗ 37 ಪಟ್ಟು ಎಂಬ ಭಯ ಕರಗುತ್ತದೆ, ಅದರ ಜಾಗಕ್ಕೆ ಬೇರೊಂದು ಚಿಂತೆ ಬರುತ್ತದೆ. ಕಟ್ಟಡ ಹುಟ್ಟಿ 55 ವರ್ಷಕ್ಕೆ, ಒಂದೇ ಸಲಕ್ಕೆ, ಅದರ ಮೂಲ ಬೆಲೆಯ ಮೂರನೇ ಒಂದಕ್ಕಿಂತ ಹೆಚ್ಚನ್ನು ಮತ್ತೆ ಸುರಿಯಬೇಕಾಯಿತು. ಅದಕ್ಕೂ ಮೊದಲು 1976ರಲ್ಲಿ ಒಂದು ದುರಸ್ತಿ ಆಗಿತ್ತು. ಕಟ್ಟುವ ದಿನ ಯಾವ ಅಂದಾಜು ಪಟ್ಟಿಯಲ್ಲೂ ಈ ಹಣಕ್ಕೆ ಒಂದು ಸಾಲು ಇರುವುದಿಲ್ಲ.

ವಿಧಾನಸೌಧಕ್ಕೆ ಬಂದರೆ ಅಂಕಿಗಳು ಇದ್ದಕ್ಕಿದ್ದಂತೆ ದೊಡ್ಡದಾಗುತ್ತವೆ. 1951ರ ಜುಲೈ 13ರಂದು ನೆಹರೂ ಅಡಿಗಲ್ಲು ಹಾಕಿದಾಗ ಮುಖ್ಯಮಂತ್ರಿ ಕೆ. ಸಿ. ರೆಡ್ಡಿ. ಮರುವರ್ಷ ಕೆಂಗಲ್ ಹನುಮಂತಯ್ಯ ಬಂದರು. ಸರಳವಾಗಿದ್ದ ನಕಾಶೆಯನ್ನು ಬದಿಗಿಟ್ಟು, ಮುಖ್ಯ ವಾಸ್ತುಶಿಲ್ಪಿ ಬಿ. ಆರ್. ಮಾಣಿಕ್ಯಂ ಅವರ ಕೈಯಲ್ಲಿ ದ್ರಾವಿಡ ಶೈಲಿಯ ಈಗಿನ ರೂಪ ಮಾಡಿಸಿದರು. 700 ಅಡಿ ಉದ್ದ, 350 ಅಡಿ ಅಗಲದ ಆಯತ. ಪೂರ್ವದ ಮುಖಮಂಟಪಕ್ಕೆ 40 ಅಡಿಯ 12 ಗ್ರಾನೈಟ್ ಕಂಬ. 200 ಅಡಿಗೂ ಅಗಲದ 45 ಮೆಟ್ಟಿಲು. ನಡುವಿನ ಗುಮ್ಮಟದ ವ್ಯಾಸ 60 ಅಡಿ. ಕಲ್ಲು ಬಂದದ್ದು ಹತ್ತಿರದ ಮಲ್ಲಸಂದ್ರ, ಹೆಸರಘಟ್ಟಗಳಿಂದ. ಅಲಂಕಾರಕ್ಕೆ ಮಾಗಡಿಯ ನಸುಗೆಂಪು ಕಲ್ಲು, ತುರುವೇಕೆರೆಯ ಕಪ್ಪು ಕಲ್ಲು. ಕೆಲಸಕ್ಕೆ ನಿಂತವರು 5,000 ಕೂಲಿಯಾಳು, 1,500 ಕಲ್ಲುಕುಟಿಗರು, ಗಾರೆಯವರು, ಮರಗೆಲಸದವರು. ಕೂಲಿಯಾಳುಗಳಲ್ಲಿ ಕೈದಿಗಳೂ ಇದ್ದರು. ಒಟ್ಟು ನೆಲ 5,05,505 ಚದರಡಿ. ಅದನ್ನು 6,500 ಕೈಗಳಿಗೆ ಹಂಚಿದರೆ ತಲೆಗೆ 78 ಚದರಡಿ, ಎಂಟಡಿಗೆ ಹತ್ತಡಿಯ ಒಂದು ಕೋಣೆಯಷ್ಟು. ಕಲ್ಲಿಗೆ ಉಳಿ ಹಚ್ಚಿದ ಒಬ್ಬೊಬ್ಬ ಮನುಷ್ಯನ ಪಾಲೂ ಅಲ್ಲಿ ಒಂದು ಕೋಣೆ ಎಂದು ಯೋಚಿಸಿದ ಮೇಲೆ ನನಗೆ ಆ ಕಟ್ಟಡ ಬೇರೆಯಾಗಿ ಕಾಣತೊಡಗಿತು.

ಖರ್ಚು 1.75 ಕೋಟಿ ಎಂದೂ 1.84 ಕೋಟಿ ಎಂದೂ ಎರಡು ಅಂಕಿ ಚಾಲ್ತಿಯಲ್ಲಿವೆ. ಯಾವುದನ್ನು ಹಿಡಿದರೂ ಚದರಡಿಗೆ 35-36 ರೂಪಾಯಿಗೆ ಬರುತ್ತದೆ. ಆಗ ಈ ಮೊತ್ತ ಭಾರೀ ಗದ್ದಲ ಎಬ್ಬಿಸಿತು, ದುಂದುವೆಚ್ಚದ ಆರೋಪ ಬಂತು, ತನಿಖೆಯೂ ನಡೆಯಿತು. 1956ರ ಆಗಸ್ಟಿನಲ್ಲಿ ಕೆಂಗಲ್ ಅಧಿಕಾರ ಬಿಟ್ಟರು. ಕಟ್ಟಡ ಬಳಕೆಗೆ ಸಿದ್ಧವಾದಾಗ ಅದನ್ನು ಕಟ್ಟಿಸಿದವರು ಮುಖ್ಯಮಂತ್ರಿಯ ಕುರ್ಚಿಯಲ್ಲಿರಲಿಲ್ಲ.

ಆದರೆ ಆ ಜಗಳದಲ್ಲಿ ಬಾರದ ಒಂದು ಭಾಗಾಕಾರ ಇದೆ, ಅದು ನೇರವಾಗಿ ನಮಗೆ ಸಂಬಂಧಿಸಿದ್ದು. ವಿಧಾನಸೌಧದ ಕೆಲಸ ನಡೆಯುತ್ತಿದ್ದಾಗ, 1952ರ ಚುನಾವಣೆಯಲ್ಲಿ, ಮೈಸೂರು ವಿಧಾನಸಭೆಯ ಸ್ಥಾನಗಳು 99. 1.80 ಕೋಟಿ ಎಂದು ಹಿಡಿದರೆ ಒಬ್ಬ ಶಾಸಕನ ಪಾಲಿಗೆ 1.82 ಲಕ್ಷ. 1956ರ ನವೆಂಬರ್ 1ಕ್ಕೆ ಮುಂಬಯಿ ರಾಜ್ಯದಿಂದ ನಾವು, ಧಾರವಾಡ, ಬೆಳಗಾವಿ, ವಿಜಯಪುರದವರು, ಹೈದರಾಬಾದಿನಿಂದ ಕಲಬುರ್ಗಿ, ಬೀದರ, ರಾಯಚೂರಿನವರು, ಮದರಾಸಿನಿಂದ ದಕ್ಷಿಣ ಕನ್ನಡದವರು, ಜೊತೆಗೆ ಕೊಡಗು, ಎಲ್ಲ ಸೇರಿದೆವು. 1957ರಲ್ಲಿ ಸ್ಥಾನಗಳು 208. ಪಾಲು 87,000ಕ್ಕೆ ಇಳಿಯಿತು. ಈಗ 224 ಸ್ಥಾನ, ಪಾಲು 80,000. ಚಿಕ್ಕ ರಾಜ್ಯಕ್ಕೆ ಅತಿಯಾಯಿತು ಎಂದು ಬೈಸಿಕೊಂಡ ಕಟ್ಟಡ ದೊಡ್ಡ ರಾಜ್ಯಕ್ಕೆ ಸರಿಯಾದ ಅಳತೆಯದಾಯಿತು. ಏಕೀಕರಣದ ಪರ ನಿಂತಿದ್ದ ಕೆಂಗಲ್ ನಮ್ಮನ್ನೂ ಲೆಕ್ಕಕ್ಕೆ ಹಿಡಿದೇ ಕಟ್ಟಿಸಿದರು ಎಂದು ನಂಬಲು ನನಗೆ ಇಷ್ಟ. ಹಾಗೆ ಹಿಡಿದಿರಲಿ, ಬಿಡಲಿ, ಏಕೀಕರಣವಾಗಿ 26 ವರ್ಷದ ಬಳಿಕ, 1983ರ ಜನವರಿ 10ರಂದು, ಸಿದ್ದಾಪುರ ತಾಲೂಕಿನ ದೊಡ್ಮನೆಯ ರಾಮಕೃಷ್ಣ ಹೆಗಡೆ ಮುಖ್ಯಮಂತ್ರಿಯಾದರು. ಅಡಿಗಲ್ಲು ಹಾಕಿದ ದಿನ ದೊಡ್ಮನೆ ಇನ್ನೊಂದು ರಾಜ್ಯದಲ್ಲಿತ್ತು.

ನಾಲ್ಕನೆಯದು ಬೆಳಗಾವಿಯ ಸುವರ್ಣ ವಿಧಾನಸೌಧ. 127 ಎಕರೆ ಜಾಗ, 60,398 ಚದರ ಮೀಟರ್ ಅಂದರೆ ಆರೂವರೆ ಲಕ್ಷ ಚದರಡಿ, ಸುಮಾರು 400 ಕೋಟಿ ಖರ್ಚು, 2012ರ ಅಕ್ಟೋಬರ್ 11ರಂದು ರಾಷ್ಟ್ರಪತಿ ಪ್ರಣವ್ ಮುಖರ್ಜಿಯವರಿಂದ ಉದ್ಘಾಟನೆ. ಚದರಡಿಗೆ 6,000 ರೂಪಾಯಿ ದಾಟುತ್ತದೆ. 36 ಎಲ್ಲಿ, 6,000 ಎಲ್ಲಿ ಎಂದು ಉದ್ಗರಿಸುವ ಮೊದಲು ಮತ್ತೆ ಬಂಗಾರದ ತಕ್ಕಡಿ ತರೋಣ. 1956ರಲ್ಲಿ 10 ಗ್ರಾಂಗೆ 90 ರೂಪಾಯಿ ಆಸುಪಾಸು, 2012ರಲ್ಲಿ 31,000 ಆಸುಪಾಸು. ವಿಧಾನಸೌಧದ ಒಂದು ಚದರಡಿ 4 ಗ್ರಾಂ ಬಂಗಾರ, ಸುವರ್ಣಸೌಧದ್ದು 2 ಗ್ರಾಂ. ಬಂಗಾರದ ಧಾರಣೆ 2012ಕ್ಕೆ ಹಿಂದಿನ ದಶಕದಲ್ಲಿ ಕೂಲಿಗಿಂತ ವೇಗವಾಗಿ ಏರಿತ್ತು, ಅದಕ್ಕೂ ಸ್ವಲ್ಪ ತೂಕ ಕಳೆಯಬೇಕು. ಕಳೆದರೂ ಹಳೆಯ ಸೌಧವೇ ದುಬಾರಿ. ಆ ಹೆಚ್ಚಿನ ಬಂಗಾರ ಎಲ್ಲಿಗೆ ಹೋಯಿತು ಎಂದು ಅದರ ಎದುರು ನಿಂತವರಿಗೆ ಹೇಳಬೇಕಿಲ್ಲ: ಕಂಬದ ಬುಡದಿಂದ ಗುಮ್ಮಟದ ಕಳಶದವರೆಗೆ ಉಳಿ ಮುಟ್ಟದ ಜಾಗ ಹುಡುಕಬೇಕು.

ಇನ್ನು ಕಾಯುವ ಖರ್ಚು. ವಿಧಾನಸೌಧದ ಬಣ್ಣ, ದುರಸ್ತಿ, ನಿರ್ವಹಣೆಗೆ ವರ್ಷಕ್ಕೆ 2 ಕೋಟಿಗೂ ಹೆಚ್ಚು ಹಿಡಿಯುತ್ತದೆ. ರೂಪಾಯಿಯಲ್ಲಿ ಹೇಳುವುದಾದರೆ ಪ್ರತಿ ವರ್ಷ ಅದನ್ನು ಮತ್ತೊಮ್ಮೆ ಕಟ್ಟಿದಷ್ಟು. ಬೆಂಗಳೂರಿನಲ್ಲಿ ಬೀಳುವುದು ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಮುಂಬಯಿಯಲ್ಲಿ 2,200. ಶಿರಸಿಯಲ್ಲಿ 2,500ರ ಹತ್ತಿರ. ಒಂದು ಲಕ್ಷ ಚದರಡಿಯ ಚಪ್ಪಟೆ ತಾರಸಿ ಬೆಂಗಳೂರಿನಲ್ಲಿದ್ದರೆ ಅದರ ಮೇಲೆ ವರ್ಷಕ್ಕೆ 90 ಲಕ್ಷ ಲೀಟರ್ ನೀರು ಬೀಳುತ್ತದೆ. ಅದೇ ತಾರಸಿಯನ್ನು ಶಿರಸಿಗೆ ಹೊತ್ತು ತಂದರೆ 2 ಕೋಟಿ 32 ಲಕ್ಷ ಲೀಟರ್, ಅದರಲ್ಲೂ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಕಟ್ಟಡದ ನಕಾಶೆಗೆ ರಾಜಧಾನಿಯಲ್ಲಿ ಸಹಿ ಬೀಳಬಹುದು, ಅದರ ಸೂರಿಗೆ ಪುನರ್ವಸು ಮಳೆ ಬೀಳುವುದು ಇಲ್ಲಿ.

ನಮ್ಮ ಕಡೆಯ ಒಂದು ಸಭಾಭವನದಲ್ಲಿ ನಾನು ಚಿಕ್ಕಂದಿನಲ್ಲಿ ಭಾಷಣ ಸ್ಪರ್ಧೆಗೆ ನಿಂತಿದ್ದೆ. ಆಗಸ್ಟ್ ತಿಂಗಳು. ಚಪ್ಪಟೆ ಸ್ಲ್ಯಾಬಿನಿಂದ ವೇದಿಕೆಯ ಮೇಲೆ ಮೂರು ಕಡೆ ನೀರು ತೊಟ್ಟಿಕ್ಕುತ್ತಿತ್ತು, ಮೂರು ಬಕೆಟ್ ಇಟ್ಟಿದ್ದರು. ಮಾತಾಡುವಾಗ ಮಧ್ಯದ ಬಕೆಟ್ಟಿನ ಸದ್ದಿಗೆ ಎರಡು ಸಲ ಮಾತು ತಪ್ಪಿದೆ. ಕೆಲವು ವರ್ಷದ ನಂತರ ಆ ಸ್ಲ್ಯಾಬಿನ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ತಗಡಿನ ಶೀಟು ಹೊದಿಸಿದರು. ಒಂದು ಕಟ್ಟಡಕ್ಕೆ ಎರಡು ಸೂರು, ಎರಡು ಬಿಲ್ಲು. ಈಗ ಮಳೆ ಜೋರಾದರೆ ನೀರು ಸೋರುವುದಿಲ್ಲ, ಆದರೆ ತಗಡಿನ ಸದ್ದಿಗೆ ಒಳಗೆ ಮಾತು ಕೇಳುವುದಿಲ್ಲ. ಶಿರಸಿಯಿಂದ ಯಲ್ಲಾಪುರದವರೆಗೆ ಬಸ್ಸಿನ ಕಿಟಕಿಯಿಂದ ನೋಡುತ್ತ ಹೋಗಿ, ಸ್ಲ್ಯಾಬಿನ ಮೇಲೆ ತಗಡು ಹೊತ್ತ ಕಟ್ಟಡಗಳನ್ನು ಎಣಿಸಲು ಎರಡು ಕೈ ಬೆರಳು ಸಾಲುವುದಿಲ್ಲ.

ಈಗ ಮುಂಬಯಿಯ ಆ 65 ಅಡಿ, 32 ಅಡಿಯ ಸಭಾಂಗಣವನ್ನು ಶಿರಸಿಯಲ್ಲಿ ಕಟ್ಟುವ ಲೆಕ್ಕ ಹಾಕೋಣ. ಐದಂಗುಲದ ಕಾಂಕ್ರೀಟ್ ಸ್ಲ್ಯಾಬ್ ಆದರೆ 24 ಘನ ಮೀಟರ್ ಕಾಂಕ್ರೀಟು, ತೂಕ 60 ಟನ್. ಹಂಚಿನ ಮಾಡು ಆದರೆ ಸುತ್ತಲೂ ನಾಲ್ಕಡಿ ಸೂರು ಚಾಚಬೇಕು, ಇಲ್ಲದಿದ್ದರೆ ಗಾಳಿಮಳೆ ಗೋಡೆ ಹಿಡಿಯುತ್ತದೆ, ಮೊದಲಿನಂತೆ ಸೋಗೆಯ ತಟ್ಟಿ ಕಟ್ಟಬೇಕಾಗುತ್ತದೆ. ಸೂರು ಸೇರಿ 73 ಅಡಿಗೆ 40 ಅಡಿ, 2,920 ಚದರಡಿ. 30 ಡಿಗ್ರಿ ಇಳಿಜಾರು ಕೊಟ್ಟರೆ ಹೊದಿಸಬೇಕಾದ ಮೈ 3,370 ಚದರಡಿ, ಅಂದರೆ 313 ಚದರ ಮೀಟರ್. ಮೀಟರಿಗೆ 15 ಹಂಚಿನಂತೆ 4,700 ಮಂಗಳೂರು ಹಂಚು. ಒಂದಕ್ಕೆ ಎರಡೂಕಾಲು ಕಿಲೋ ಎಂದರೆ ಹತ್ತೂವರೆ ಟನ್, ಮಳೆ ಕುಡಿದಾಗ 12 ಟನ್. ಪಕಾಶಿ, ರೀಪು, ತೊಲೆಗಳ ತೂಕ ಸೇರಿಸಿದರೂ ಸ್ಲ್ಯಾಬಿನ ಅರ್ಧ ಮುಟ್ಟುವುದಿಲ್ಲ. ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ, ಶಿರಸಿ ಮುನಿಸಿಪಾಲಿಟಿಗಿಂತ ಒಂದು ವರ್ಷ ಮೊದಲು. ಕರಾವಳಿಯ ಮಳೆಯಲ್ಲಿ ಹುಟ್ಟಿದ ಆ ಹಂಚು ಘಟ್ಟ ಹತ್ತಿ ಬಂದು ನಮ್ಮ ಮನೆ, ಶಾಲೆ, ಕಚೇರಿಗಳನ್ನೆಲ್ಲ ಕಾಯಿತು.

ಈ ಮಾಡಿನ ಮೇಲೆ ಶಿರಸಿಯಲ್ಲಿ ವರ್ಷಕ್ಕೆ ಬೀಳುವ ನೀರು 6 ಲಕ್ಷ 78 ಸಾವಿರ ಲೀಟರ್. ಆರು ಸಾವಿರ ಲೀಟರಿನ ಟ್ಯಾಂಕರಿನಲ್ಲಿ ಅಳೆದರೆ 113 ಟ್ಯಾಂಕರು. ಜುಲೈನಲ್ಲಿ 100 ಮಿಲಿಮೀಟರ್ ಸುರಿದ ಒಂದೇ ದಿನ 27,000 ಲೀಟರ್. ತಾಸಿಗೆ 50 ಮಿಲಿಮೀಟರ್ ಹೊಡೆದರೆ ಸೂರಿನ ಎರಡೂ ಬದಿಯ ದಂಬೆಗಳಲ್ಲಿ ಸೆಕೆಂಡಿಗೆ ಸುಮಾರು ನಾಲ್ಕು ಲೀಟರ್ ಹರಿಯಬೇಕು. ಇಳಿಜಾರಿನ ಮಾಡಿನಲ್ಲಿ ಆ ನೀರು ನಿಲ್ಲುವುದೇ ಇಲ್ಲ. ಚಪ್ಪಟೆ ಸ್ಲ್ಯಾಬಿನ ಮೇಲೆ ಒಂದು ಎಲೆ ಪೈಪಿನ ಬಾಯಿಗೆ ಅಡ್ಡ ಬಂದರೂ ಸಾಕು, ಎರಡಂಗುಲ ನೀರು ನಿಂತರೆ ಮೇಲೆ ಹೊಸದಾಗಿ ಹತ್ತು ಟನ್ ಹೇರಿದಂತೆ. ಮಾವು, ಹಲಸು ಇಲ್ಲದ ಅಂಗಳ ನಮ್ಮಲ್ಲಿ ಎಲ್ಲಿದೆ? ಎಲೆ ಬಿದ್ದೇ ಬೀಳುತ್ತದೆ.

ಈ ಮಾತನ್ನು ಚೆನ್ನಾಗಿ ಬಲ್ಲ ವ್ಯವಸ್ಥೆಯೊಂದು ಶಿರಸಿಯಲ್ಲೇ ಇದೆ. ಎರಡು ವರ್ಷಕ್ಕೊಮ್ಮೆ ಮಾರಿಕಾಂಬೆಯ ಜಾತ್ರೆಗೆ ಬಿಡಕಿಬೈಲಿನಲ್ಲಿ ಏಳುವ ಚಪ್ಪರ ಈ ಊರಿನ ಅತಿ ದೊಡ್ಡ ಸಭಾಂಗಣ. 1688ರಷ್ಟು ಹಳೆಯ ದೇವಸ್ಥಾನದ ದೇವಿ ಅಲ್ಲಿ ಬಂದು ಕೂರುತ್ತಾಳೆ, ಲಕ್ಷಾಂತರ ಜನ ಸೇರುತ್ತಾರೆ. ಜಾತ್ರೆ ಬೇಸಗೆಯ ಬಾಗಿಲಲ್ಲಿ, ಮಳೆಗೆ ಇನ್ನೂ ಎರಡು-ಮೂರು ತಿಂಗಳಿರುವಾಗ. ಜಾತ್ರೆ ಮುಗಿದ ಮೇಲೆ ಚಪ್ಪರ ಇಲ್ಲ, ಅದನ್ನು ಕಾಯುವ ಖರ್ಚೂ ಇಲ್ಲ.

ಎಲ್ಲ ಸಭೆಗಳಿಗೂ ಚಪ್ಪರ ಹಾಕಲಾಗುವುದಿಲ್ಲ, ಗಟ್ಟಿ ಕಟ್ಟಡ ಬೇಕೇ ಬೇಕು. 60,000ಕ್ಕೂ ಹೆಚ್ಚು ಜನರ ಶಿರಸಿಗೆ ಬೇಕು, ಅದಕ್ಕಿಂತ ಚಿಕ್ಕ ಯಲ್ಲಾಪುರ, ಸಿದ್ದಾಪುರಗಳಿಗೂ ಬೇಕು. ಹೊಸದಾಗಿ ಕಟ್ಟುವ ಯಾವ ಸಾರ್ವಜನಿಕ ಕಟ್ಟಡದ ಅಂದಾಜು ಪಟ್ಟಿ ಕೈಗೆ ಸಿಕ್ಕರೂ ನಾನು ಮೊದಲು ನೋಡುವುದು ಮೂರು ಸಾಲು: ಸೂರು ಗೋಡೆಯಿಂದ ಎಷ್ಟು ಅಡಿ ಹೊರಗೆ ಚಾಚಿದೆ, ನೀರು ಇಳಿಯುವ ದಾರಿ ಎಷ್ಟು ಅಗಲ, ಹತ್ತನೇ ವರ್ಷದ ದುರಸ್ತಿಗೆ ಎಲ್ಲಿಂದ ಹಣ. ಮೊದಲೆರಡು ಕೆಲವೊಮ್ಮೆ ಸಿಗುತ್ತವೆ. ಮೂರನೆಯದು ಈವರೆಗೆ ಸಿಕ್ಕಿಲ್ಲ. ಪುರಭವನದ ಲೆಕ್ಕವನ್ನೇ ಹಿಡಿದರೆ, ಕಟ್ಟಿದ ಬೆಲೆಯ ಮೂರನೇ ಒಂದನ್ನು 55 ವರ್ಷಕ್ಕೆ ಹಂಚಿದರೆ ವರ್ಷಕ್ಕೆ ನೂರಕ್ಕೆ ಅರವತ್ತು ಪೈಸೆ. ಒಂದು ಕೋಟಿಯ ಕಟ್ಟಡಕ್ಕೆ ವರ್ಷಕ್ಕೆ 60,000 ರೂಪಾಯಿ. ಮಳೆ ಎರಡೂವರೆ ಪಟ್ಟು ಬೀಳುವ ನಮ್ಮಲ್ಲಿ ಒಂದೂವರೆ ಲಕ್ಷ ಎನ್ನೋಣ. ಬಾಡಿಗೆಯ ಹಣದಲ್ಲೇ ಅದನ್ನು ಬೇರೆ ಖಾತೆಗೆ ತೆಗೆದಿಡಬಹುದು.

ನಮ್ಮ ಮನೆಯ ಮಾಡು ಹೊದಿಸಿದಾಗ ಅಜ್ಜ ಲೆಕ್ಕಕ್ಕಿಂತ 300 ಹಂಚು ಹೆಚ್ಚು ತರಿಸಿ ಕೊಟ್ಟಿಗೆಯ ಹಿಂದೆ ಸಾಲಾಗಿ ನಿಲ್ಲಿಸಿದ್ದರು. ಮಂಗ ಹಾರಿ ಒಡೆದದ್ದಕ್ಕೆ, ತೆಂಗಿನ ಹೆಡೆ ಬಿದ್ದು ಒಡೆದದ್ದಕ್ಕೆ ಎಲ್ಲದಕ್ಕೂ ಅಲ್ಲಿಂದಲೇ ತೆಗೆದು ಹಾಕುತ್ತ ಬಂದೆವು. ಪ್ರತಿ ವರ್ಷ ಮಳೆಗೆ ಮೊದಲು ಅಪ್ಪ ಏಣಿ ಹತ್ತುತ್ತಿದ್ದರು, ನಾನು ಕೆಳಗಿನಿಂದ ಹಂಚು ಕೊಡುತ್ತಿದ್ದೆ. ಹೋದ ಮೇ ತಿಂಗಳಲ್ಲಿ ಎಣಿಸಿದೆ. ಪಾಚಿ ಹಿಡಿದು ಇನ್ನೂ 41 ಉಳಿದಿವೆ.